ಮಾರುತಿಯನ್ನು ಗುಜರಿಗೆ ಕೊಡಬೇಡಿ

ನೇಪಿಯರ್, ನ್ಯೂಜಿಲೆಂಡ್
ನವೆಂಬರ್ 2025

ಅಪ್ಪಯ್ಯನಿಗೆ, ಆಯಿಗೆ ನಮಸ್ಕಾರಗಳು. ತಮ್ಮನಿಗೆ ಆಶೀರ್ವಾದ.

ನಾವಿಬ್ಬರೂ ಇಲ್ಲಿ ಆರಾಮಾಗಿದ್ದೇವೆ. ಊಟ, ಹವೆ, ನೆಗಡಿಯ ಸುದ್ದಿಯೆಲ್ಲ ಆಯಿಗೆ ಫೋನಿನಲ್ಲಿ ಹೇಳಿ ಆಗಿದೆ. ಮತ್ತೆ ಬರೆಯುವುದಿಲ್ಲ.

ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ವರ್ಷಗಟ್ಟಲೆ ನಿಂತ ನಮ್ಮ ಮಾರುತಿ 800 ಕಾರನ್ನು ಗುಜರಿಯವನು ಕೇಳಿಕೊಂಡು ಬಂದಿದ್ದ ಎಂದು ತಮ್ಮ ಹೇಳಿದ. ಅಡಿಕೆ ಕೊಯ್ಲು ಮುಗಿದ ಮೇಲೆ ಕೊಟ್ಟುಬಿಡುವುದು ಅಂತ ಮಾತಾಗಿದೆಯಂತೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅಪ್ಪಯ್ಯ ಎರಡು ಸಲ ‘ಹ್ಞೂಂ’ ಅಂದು ಫೋನನ್ನು ಆಯಿ ಕೈಗೆ ದಾಟಿಸುತ್ತೀರಿ. ಕಾಗದವಾದರೆ ತಮ್ಮ ಅದನ್ನು ಗ್ಯಾರೇಜಿಗೂ ಒಯ್ಯಬಹುದು.

ನಾನು ರಿಪೇರಿ ಮಾಡಿ ಎಬ್ಬಿಸಿದ ಹಳೇ ದಟ್ಸನ್ ಕಾರಿನ ಫೋಟೋ ನೀವು ನೋಡಿದ್ದೀರಿ. ಬಣ್ಣ ಹೊಡೆದ ಮೇಲಿನ ಫೋಟೋ ಅದು. ಅದರಲ್ಲಿ ಕಾಣದ ಕೆಲಸವೇ ಜಾಸ್ತಿ. ಆ ಕೆಲಸದಲ್ಲಿ ಕಲಿತದ್ದು ಮಾರುತಿಗೂ ಆಗುತ್ತದೆ.

ಇದು 1973ರ ದಟ್ಸನ್ 1200. ಜಪಾನಿನಲ್ಲಿ 1970ರಲ್ಲಿ ಸನ್ನಿ ಎಂಬ ಹೆಸರಿನಲ್ಲಿ ಬಂತು, ಹೊರದೇಶಗಳಿಗೆ ದಟ್ಸನ್ 1200 ಆಗಿ ಹೋಯಿತು. 1171 ಸಿಸಿಯ ಎಂಜಿನ್, ನಾಲ್ಕು ಗೇರು, ಹಿಂದೆ ಜೀಪಿನ ಹಾಗೆ ಕಮಾನು ಪಟ್ಟಿ. ತೂಕ 700 ಕೆಜಿಯ ಆಸುಪಾಸು. ನಮ್ಮ ಹಿಂದಿನ ಬೀದಿಯ ಅಜ್ಜಿಯ ಗಂಡ ಹೊಸದೇ ಕೊಂಡದ್ದು. ಅವರು ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತೇ ಇತ್ತು. ಶೆಡ್ಡು ಖಾಲಿ ಮಾಡಿಕೊಟ್ಟರೆ ಕಾರು ತಗೊಂಡು ಹೋಗು ಅಂದರು ಅಜ್ಜಿ. ನಿಮ್ಮ ಅಳಿಯ ಶೆಡ್ಡು ಖಾಲಿ ಮಾಡಲು ಒಪ್ಪಿದರು, ಕಾರಿಗೆ ಮಾತ್ರ ಒಪ್ಪಲಿಲ್ಲ. ಈಗ ಅವರೇ ಜಾಸ್ತಿ ಓಡಿಸುವುದು, ಅದು ಬೇರೆ ಮಾತು.

ಕಾರಿನ ಮುಂದಿನ ಗಾಜಿನ ಮೂಲೆಯಲ್ಲಿ ಬಣ್ಣ ಹಾರಿದ ಸ್ಟಿಕರ್ ಒಂದಿದೆ. ಅದರ ಕಥೆ ಅಪ್ಪಯ್ಯನಿಗೆ ಹಿಡಿಸುತ್ತದೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆದವು. ಪೀಪಾಯಿಗೆ 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ದೊಡ್ಡ ಎಂಜಿನ್ನಿನ ಕಾರು ಇಟ್ಟುಕೊಂಡವರೂ ಆಗ ಇಂಥ ಚಿಕ್ಕ ಜಪಾನಿ ಕಾರಿನ ಕಡೆ ತಿರುಗಿದರು. ಇರಾನಿನ ಗಲಾಟೆಯ ಹೊತ್ತಿಗೆ ಇನ್ನೊಂದು ಪೆಟ್ಟು. 1979ರ ಜುಲೈ ಕೊನೆಯಿಂದ 1980ರ ಮೇವರೆಗೆ ಈ ದೇಶದಲ್ಲಿ ಕಾರು ಇದ್ದವರು ವಾರದಲ್ಲಿ ಒಂದು ದಿನ ಅದನ್ನು ರಸ್ತೆಗೆ ಇಳಿಸುವ ಹಾಗಿರಲಿಲ್ಲ. ಯಾವ ದಿನ ಎಂದು ಅವರೇ ಆರಿಸಿಕೊಂಡು ಆ ದಿನದ ಸ್ಟಿಕರನ್ನು ಗಾಜಿಗೆ ಅಂಟಿಸಬೇಕು. ಅಜ್ಜಿಯ ಮನೆಯದು ಮಂಗಳವಾರ. ಎರಡು ಕಾರು ಇದ್ದವರು ಎರಡಕ್ಕೂ ಬೇರೆ ಬೇರೆ ದಿನ ಬರೆಸಿ ಆರಾಮಾಗಿ ಓಡಾಡಿದರಂತೆ. ಜನ ಎಲ್ಲ ಕಡೆ ಒಂದೇ, ಅಲ್ವಾ? ಗಾಜು ತೊಳೆಯುವಾಗ ಆ ಸ್ಟಿಕರನ್ನು ಕೆರೆಯಲಿಲ್ಲ.

ಈಗ ಎಂಜಿನ್ ವಿಷಯ. ತಮ್ಮಾ, ಇದನ್ನು ಎರಡು ಸಲ ಓದು.

ವರ್ಷಗಟ್ಟಲೆ ನಿಂತ ಗಾಡಿಗೆ ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಬಾರದು. ನಮ್ಮೂರಲ್ಲಿ ಗಾಡಿ ನಿಂತರೆ ನಾಲ್ಕು ಜನ ಸೇರಿ ತಳ್ಳುವುದೇ ಮೊದಲ ಔಷಧ. ಅದನ್ನೂ ಮಾಡಬಾರದು. ಎಂಜಿನ್ ನಿಂತಾಗ ಯಾವುದೋ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಅಲ್ಲಿಂದ ತೇವದ ಗಾಳಿ ಒಳಗೆ ಹೋಗುತ್ತದೆ. ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ರಿಂಗು ಮುರಿಯುತ್ತದೆ, ಗೋಡೆ ಗೀಚಿಹೋಗುತ್ತದೆ. ಆಮೇಲೆ ಎಂಜಿನ್ ಇಳಿಸಿ ಬಿಚ್ಚದೆ ಗತಿಯಿಲ್ಲ.

ದಟ್ಸನ್ನಿನ ಎಂಜಿನ್ ಹೀಗೇ ಕಚ್ಚಿಕೊಂಡಿತ್ತು. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಒಂದೊಂದು ತೂತಿಗೆ ಸ್ವಲ್ಪ ಸ್ವಲ್ಪ ಬಿಟ್ಟೆ. ಹಾಗೇ ಬಿಡಬೇಕು, ಅವಸರ ಮಾಡಬಾರದು. ನಡುನಡುವೆ ಕ್ರ್ಯಾಂಕಿನ ಪುಲ್ಲಿಯ ನಟ್ಟಿಗೆ ದೊಡ್ಡ ಪಾನಾ ಹಾಕಿ ಆಚೆ ಈಚೆ ಮೆಲ್ಲಗೆ ಅಲುಗಿಸಿ ನೋಡುವುದು. ಕೂದಲೆಳೆಯಷ್ಟು ಅಲುಗಿದರೂ ಸಾಕು, ಇನ್ನು ದಾರಿ ಇದೆ ಅಂತ. ಮೂರನೇ ಸಿಲಿಂಡರ್ ಬಹಳ ಹಟ ಮಾಡಿತು. ಕೊನೆಗೆ ಒಂದು ಸಂಜೆ ಪೂರಾ ಒಂದು ಸುತ್ತು ತಿರುಗಿತು. ಆಮೇಲೂ ಪ್ಲಗ್ ಹಾಕಲಿಲ್ಲ. ಹೊಸ ಆಯಿಲ್ ತುಂಬಿ, ಪ್ಲಗ್ ಇಲ್ಲದೇ ಸ್ಟಾರ್ಟರಿನಿಂದ ತಿರುಗಿಸಿ, ಆಯಿಲ್ ದೀಪ ಆರುವವರೆಗೆ ಕಾದೆ. ಎಣ್ಣೆ ಮೇಲಕ್ಕೆ ಹೋಗಿ ಬೇರಿಂಗಿಗೆ ಮುಟ್ಟಿದೆ ಎಂದು ಗೊತ್ತಾಗುವುದು ಆಗಲೇ.

ಪೆಟ್ರೋಲ್ ಟ್ಯಾಂಕಿನಿಂದ ಬಂದದ್ದು ಪೆಟ್ರೋಲಾಗಿ ಉಳಿದಿರಲಿಲ್ಲ. ವಾರ್ನಿಶ್ ವಾಸನೆಯ ಕಂದು ರಸ. ಟ್ಯಾಂಕ್ ಇಳಿಸಿ, ಒಳಗೆ ವಿನೆಗರ್ ಮತ್ತು ಒಂದು ತುಂಡು ಸರಪಳಿ ಹಾಕಿ ಕುಲುಕಿ ಕುಲುಕಿ ತುಕ್ಕು ಬಿಡಿಸಿದೆವು. ನಿಮ್ಮ ಅಳಿಯನ ತೋಳುನೋವಿಗೆ ಕಾರಣ ಅದು, ಬ್ಯಾಡ್ಮಿಂಟನ್ ಅಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳೂ ಅದೇ ರಸದಿಂದ ಮುಚ್ಚಿಕೊಂಡಿದ್ದವು. ಜೆಟ್ಟಿನೊಳಗೆ ತಂತಿ ತೂರಿಸಲು ಬಿಡಬೇಡ, ತಮ್ಮಾ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ. ತೂತು ಒಂದಿಷ್ಟು ದೊಡ್ಡದಾದರೂ ಪೆಟ್ರೋಲಿನ ಲೆಕ್ಕ ಕೆಡುತ್ತದೆ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಸಿದರೆ ಸಾಕು.

ಬ್ರೇಕಿನ ಮಾತು ಬೇಗ ಮುಗಿಸುತ್ತೇನೆ: ರಬ್ಬರ್ ಇದ್ದದ್ದನ್ನೆಲ್ಲ ಬದಲಿಸಿದೆ. ಬ್ರೇಕ್ ಆಯಿಲ್ ಗಾಳಿಯ ನೀರು ಹೀರುತ್ತದೆ, ಆ ನೀರು ಚಕ್ರದ ಸಿಲಿಂಡರನ್ನು ಒಳಗಿಂದ ತಿನ್ನುತ್ತದೆ. ಅದರಲ್ಲಿ ಉಳಿತಾಯ ಮಾಡುವ ಹಾಗಿಲ್ಲ. ದೇವಿಮನೆ ಘಟ್ಟ ಇಳಿಯುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಇಷ್ಟೂ ಆಗುವ ಕೆಲಸ. ಕಾರು ಉಳಿಯುತ್ತದೋ ಇಲ್ಲವೋ ತೀರ್ಮಾನ ಮಾಡುವುದು ತುಕ್ಕು. ನೇಪಿಯರ್ ಸಮುದ್ರದ ದಂಡೆಯ ಊರು, ಕಾರವಾರದ ಹಾಗೇ ಉಪ್ಪುಗಾಳಿ. ಉಪ್ಪು ಕೂತಲ್ಲಿ ತೇವ ಆರುವುದಿಲ್ಲ, ಆ ಉಪ್ಪುನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಡ್ರೈವರ್ ಕಾಲಿನ ಕೆಳಗಿನ ಮ್ಯಾಟ್ ಎತ್ತಿದರೆ ತಗಡು ಹಪ್ಪಳದ ಹಾಗೆ ಕೈಯಲ್ಲೇ ಮುರಿಯಿತು. ಬಾಗಿಲ ಕೆಳಗಿನ ಪಟ್ಟಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಕೆಯವರೆಗೆ ಒಳಗೆ ಹೋಯಿತು. ಯಾವ ಕಾಲದಲ್ಲೋ ಯಾರೋ ತೂತಿಗೆ ಪೇಪರ್ ತುರುಕಿ, ಮೇಲೆ ಪುಟ್ಟಿ ಬಳಿದು, ಬಣ್ಣ ಹೊಡೆದು ಕೊಟ್ಟಿದ್ದರು. ಟಿಂಕರಿಂಗ್ ಹೆಸರಲ್ಲಿ ಮಾಡುವ ಈ ಮೋಸ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ತುಕ್ಕಿನ ಮೇಲೆ ಏನು ಬಳಿದರೂ ಪ್ರಯೋಜನ ಇಲ್ಲ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತಗಡು ವೆಲ್ಡ್ ಮಾಡಬೇಕು. ನಾನು ಸಂಜೆ ತರಗತಿಗೆ ಹೋಗಿ ವೆಲ್ಡಿಂಗ್ ಕಲಿತೆ. ತೆಳು ತಗಡಿಗೆ ಒಂದೇ ಸಮ ಗೆರೆ ಎಳೆದರೆ ಅದು ಬಿಸಿಗೆ ಸೊಟ್ಟಗಾಗುತ್ತದೆ. ಒಂದು ಚುಕ್ಕೆ ಇಲ್ಲಿ, ಒಂದು ಅಲ್ಲಿ, ಆರಲು ಬಿಟ್ಟು ಮತ್ತೊಂದು. ಸೀಟ್‌ಬೆಲ್ಟ್ ಮತ್ತು ಹಿಂದಿನ ಕಮಾನು ಕೂರುವ ಜಾಗಕ್ಕೆ ಮಾತ್ರ ನಾನು ಕೈ ಹಾಕಲಿಲ್ಲ. ಅದನ್ನು ಕಸುಬು ಗೊತ್ತಿದ್ದವರಿಗೇ ಕೊಟ್ಟೆ. ನೋಂದಣಿ ತಪ್ಪಿಹೋದ ಗಾಡಿಯನ್ನು ಇಲ್ಲಿ ಮತ್ತೆ ರಸ್ತೆಗೆ ತರಲು ಮಾಮೂಲಿ ಫಿಟ್‌ನೆಸ್ ಸಾಲದು. ಇನ್ನೂ ಕಟ್ಟುನಿಟ್ಟಿನ ತಪಾಸಣೆ ಇದೆ. ಅಡಿಯಿಂದ ಮುಡಿಯವರೆಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ವೆಲ್ಡಿಂಗ್ ಮುಗಿದ ಮೇಲೆ ಪ್ರೈಮರ್, ಸಂದುಗಳಿಗೆ ಸೀಲರ್, ಪೊಳ್ಳು ಜಾಗಗಳ ಒಳಗೆ ಮೇಣ. ಹೊರಗಿನ ಬಣ್ಣ ಕೊನೆಯದು. ನೋಡಿದವರೆಲ್ಲ ಹೊಗಳುವುದು ಅದನ್ನೇ.

ಬಿಡಿಭಾಗಕ್ಕೆ ಅಷ್ಟು ಪರದಾಡಲಿಲ್ಲ. ಈ ಕಾರಿನ ಪಿಕಪ್ ಸೌತ್ ಆಫ್ರಿಕಾದಲ್ಲಿ 2008ರವರೆಗೂ ತಯಾರಾಗುತ್ತಿತ್ತು, ಎಷ್ಟೋ ಸಾಮಾನು ಅಲ್ಲಿಂದ ಬಂತು. ಕಷ್ಟವಾದದ್ದು ಟಯರು. 12 ಇಂಚಿನ ಚಕ್ರ, ಈಗ ಇಲ್ಲಿ ಯಾವ ಅಂಗಡಿಯವರೂ ಇಡುವುದಿಲ್ಲ. ಮಾರುತಿಯದೂ 12 ಇಂಚೇ. ಆಲ್ಟೊಗಳು ಇನ್ನೂ ಓಡಾಡುತ್ತಿರುವುದರಿಂದ ನಿಮಗೆ ಶಿರಸಿ ಪೇಟೆಯಲ್ಲೇ ಸಿಗುತ್ತದೆ. ಎಂಜಿನ್ ಸಾಮಾನೂ ಅಷ್ಟೇ. ಮಾರುತಿ 800 ನಿಂತದ್ದು 2014ರಲ್ಲಿ. ಅದೇ 796 ಸಿಸಿ ಎಂಜಿನ್ ಆಮ್ನಿಯಲ್ಲಿ 2019ರವರೆಗೂ ಇತ್ತು. ಅಂದ ಮೇಲೆ ನಿಮ್ಮ ಕೆಲಸ ನನ್ನದಕ್ಕಿಂತ ಎಷ್ಟೋ ಹಗುರ.

ಆ ಗಾಡಿ ಕಾರವಾರದಲ್ಲಿ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಘಟ್ಟದ ಮೇಲೆ ಮಳೆ ಎಷ್ಟೇ ಹೊಡೆದರೂ ಉಪ್ಪಿಲ್ಲ. ಕೊಟ್ಟಿಗೆಯದೇ ಚಿಂತೆ. ಗಂಜಲದ ಆವಿ ತಾಮ್ರದ ತಂತಿಗೆ ಆಗಿಬರುವುದಿಲ್ಲ, ಇಲಿಗಳು ಬೇರೆ. ಕೊಯ್ಲಿಗೆ ಬಂದವರ ಕೈಲಿ ಎತ್ತಿಸಿಯಾದರೂ ಸರಿ, ಮೊದಲು ಅಂಗಳದ ಕಡೆಯ ಮಾಡಿಗೆ ಸಾಗಿಸಿ. ಚಕ್ರ ಕಚ್ಚಿದ್ದರೆ ಎಳೆಯಬೇಡಿ, ಡ್ರಮ್ಮಿಗೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಬಿಡಿಸಿ.

ಆಮೇಲೆ ತಮ್ಮ ಒಂದು ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಲಿ. ಮ್ಯಾಟಿನ ಅಡಿ, ಬಾಗಿಲ ಕೆಳಗೆ, ಬ್ಯಾಟರಿ ಅಡಿ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಕೂರುವ ಜಾಗ. ಎಲ್ಲ ಕಡೆ ಒತ್ತಿ ನೋಡಿ ಫೋಟೋ ಕಳಿಸು. ನೆಲದ ತಗಡು ಹೋಗಿದ್ದರೆ ಹೆದರುವುದು ಬೇಡ. ಆದರೆ ಶಾಕ್ ಕೂರುವ ಜಾಗದಲ್ಲೇ ಸ್ಕ್ರೂಡ್ರೈವರ್ ಒಳಗೆ ಹೋದರೆ ನಾನೇ ಗುಜರಿಗೆ ಕೊಡಿ ಅನ್ನುತ್ತೇನೆ. ಸುಮ್ನೆ ಹಟ ಮಾಡುವುದಿಲ್ಲ.

ಗಟ್ಟಿ ಇದ್ದರೆ, ಎಂಜಿನ್ನಿಗೆ ಮೇಲೆ ಬರೆದ ಹಾಗೇ ಮಾಡಿ. ಟೈಮಿಂಗ್ ಬೆಲ್ಟ್ ಹೊಸದು ಹಾಕದೆ ಸ್ಟಾರ್ಟ್ ಮಾಡಬೇಡಿ. ದಟ್ಸನ್ನಿಗೆ ಚೈನು, ಮಾರುತಿಗೆ ಬೆಲ್ಟು. ಅಷ್ಟು ವರ್ಷ ಒಂದೇ ಕಡೆ ಮಡಚಿ ಕೂತ ರಬ್ಬರನ್ನು ನಂಬಬಾರದು. ಪೆಟ್ರೋಲಿನ ಹೋಸು, ಪಂಪಿನ ಡಯಾಫ್ರಾಮ್ ಬದಲಿಸುವಾಗ ಈಗಿನ ಇ20 ಪೆಟ್ರೋಲ್, ಅಂದರೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ್ದು, ತಡೆಯುವಂಥದ್ದೇ ಕೇಳಿ. ಎಥೆನಾಲ್ ಹಳೇ ರಬ್ಬರನ್ನು ತಿನ್ನುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಮುಂದೆ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಅದನ್ನು ಹಾಗೇ ಬಿಡಬೇಡಿ.

ಖರ್ಚಿನ ಲೆಕ್ಕ ಅಪ್ಪಯ್ಯ ಕೇಳಿಯೇ ಕೇಳುತ್ತೀರಿ. 1994ರ ಗಾಡಿ, ಆರ್‌ಸಿ 2019ಕ್ಕೆ ಮುಗಿದಿದೆ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟಿನಿಂದ 10,000 ರೂಪಾಯಿ. ಮೇಲೆ ಹಸಿರು ತೆರಿಗೆ, ತಡವಾದದ್ದಕ್ಕೆ ದಂಡ. ವಿಂಟೇಜ್ ಎಂದು ಬರೆಸಲು 50 ವರ್ಷ ಆಗಿರಬೇಕು, ನಮ್ಮದು ಆ ಲೆಕ್ಕಕ್ಕೆ ಇನ್ನೂ ಕೂಸು. ಟಿಂಕರಿಂಗ್, ಟಯರು ಎಲ್ಲ ಸೇರಿದರೆ ಆ ದುಡ್ಡಿಗೆ ಚೆಂದದ ಸೆಕೆಂಡ್ ಹ್ಯಾಂಡ್ ಆಲ್ಟೊ ಬರುತ್ತದೆ ಎಂದು ತಮ್ಮ ಹೇಳುತ್ತಾನೆ. ಹೌದು, ಬರುತ್ತದೆ. ಅವನಿಗೆ ದಿನಾ ಪೇಟೆಗೆ ಓಡಾಡಲು ಬೇಕಿದ್ದರೆ ಅದನ್ನೇ ತಗೊಳ್ಳಲಿ. ಮಾರುತಿಯ ಖರ್ಚು ನನ್ನದು. ಅಡಿಕೆ ದುಡ್ಡಿಗೆ ಕೈ ಹಾಕುವುದು ಬೇಡ.

ಅಪ್ಪಯ್ಯ, ಆರ್‌ಸಿ ಪುಸ್ತಕ ನಾಗಂದಿಗೆಯ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇರಬೇಕು. ಗೆದ್ದಲು ಹಿಡಿದಿದೆಯೋ ನೋಡಿ, ತೆಗೆದು ಕಪಾಟಿನಲ್ಲಿಡಿ. ಮಾರ್ಚಿನಲ್ಲಿ ನಾವು ಬಂದಾಗ ಶಿರಸಿಯ ಸಾರಿಗೆ ಕಚೇರಿಗೆ ನಾನೇ ಹೋಗಿ ಬರುತ್ತೇನೆ. ಅಲ್ಲಿಯವರೆಗೆ ಗುಜರಿಯವನು ಮತ್ತೆ ಬಂದರೆ ಬಾವಿಕಟ್ಟೆ ಹತ್ತಿರ ಬಿದ್ದ ಹಳೇ ಪಂಪ್‌ಸೆಟ್ ಕೊಟ್ಟು ಕಳಿಸಿ. ಆಯಿ ಅದನ್ನು ತೆಗೆಸಿ ಅಂತ ಹೇಳುತ್ತಲೇ ಇದ್ದಾಳೆ.

ನಿಮ್ಮ
ಕೂಸು