ಟೂರ್ ಬಸ್ಸಲ್ಲಿ ಚಾಕು, ಈಳಿಗೆಮಣೆಗೂ ಒಂದು ಬೀಗದ ಪೆಟ್ಟಿಗೆ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು,

ದಸರಾ ರಜೆ ಬಂತು, ಅದಾದ ಮೇಲೆ ಕಾರ್ತೀಕ ಮಾಸ, ಅದರ ಹಿಂದೇನೇ ಶಬರಿಮಲೆ ಸೀಸನ್ನು, ಇನ್ನು ಸಂಕ್ರಾಂತಿ ತನಕ ನಮ್ಮ ರೋಡುಗಳಲ್ಲಿ ಟೆಂಪೋ ಟ್ರಾವೆಲರ್ (ಟಿಟಿ), ಮಿನಿ ಬಸ್ಸು, ದೊಡ್ಡ ಬಸ್ಸು ಅಂತ ಯಾತ್ರೆ ಗಾಡಿಗಳದ್ದೇ ಓಡಾಟ. ಇದರಲ್ಲಿ ಎಷ್ಟೋ ಗಾಡಿಗಳು ಅಡುಗೆ ಸಾಮಾನು ಸಮೇತ ಹೊರಡ್ತವೆ, ಹೊರಗಿನ ಊಟ ಒಗ್ಗಲ್ಲ ಅನ್ನೋ ಹಿರಿಯರು ಇರ್ತಾರೆ, ಮಡಿ ಅನ್ನೋರು ಇರ್ತಾರೆ, ಮೂವತ್ತು ನಲವತ್ತು ಜನಕ್ಕೆ ಮೂರು ಹೊತ್ತು ಹೋಟೆಲ್ ಊಟ ಅಂದ್ರೆ ದುಡ್ಡೂ ಜಾಸ್ತಿ ಆಗತ್ತೆ. ನಾನು ಇಂಥ ಗಾಡಿಗಳ ಜೊತೆ ಅಡುಗೆಗೆ ಹೋಗೋನು. ಮಂತ್ರಾಲಯ, ಪಂಢರಪುರ, ಶಿರಡಿ, ರಾಮೇಶ್ವರ, ಕಾಶಿ ತನಕ ಹೋಗಿದೀನಿ. ಗಾಡಿಯೊಳಗೆ ಚಾಕು, ಈಳಿಗೆಮಣೆ, ತುರಿಯೋ ಮಣೆ, ಕಾಯಿ ಒಡೆಯೋ ಮಚ್ಚು ಇವನ್ನ ಎಲ್ಲಿ ಇಡ್ಬೇಕು, ಹೇಗೆ ಇಡ್ಬೇಕು ಅನ್ನೋದರ ಬಗ್ಗೆ ಯಾರೂ ಮಾತಾಡಲ್ಲ, ಅದಕ್ಕೇ ಈ ಪತ್ರ.

ಗ್ಯಾಸ್ ಬಗ್ಗೆ ಈಗ ಜನಕ್ಕೆ ಸ್ವಲ್ಪ ಭಯ ಬಂದಿದೆ. 2023ರ ಆಗಸ್ಟ್ 26ಕ್ಕೆ ಮಧುರೈ ಸ್ಟೇಷನ್ ಹತ್ರ ನಿಂತಿದ್ದ ಟೂರಿಸ್ಟ್ ಬೋಗಿಗೆ ಬೆಂಕಿ ಹತ್ಕೊಂಡು ಒಂಬತ್ತು ಜನ ಹೋದ್ರು, ಲಖನೌದಿಂದ ಬಂದಿದ್ದ ಯಾತ್ರಿಕರು ಅವರು, ನಿಯಮ ಮೀರಿ ಒಳಗೆ ಸಿಲಿಂಡರ್ ಇಟ್ಕೊಂಡಿದ್ರು. ಅದನ್ನ ಟಿವಿಲಿ ನೋಡಿದ ಮೇಲೆ ನಮ್ಮ ಯಾತ್ರೆ ಪಾರ್ಟಿಗಳಲ್ಲೂ ಯಾರಾದ್ರೂ ಒಬ್ಬರು ಸಿಲಿಂಡರ್ ಎಲ್ಲಿಟ್ಟಿದೀರ, ರೆಗ್ಯುಲೇಟರ್ ಬಿಚ್ಚಿದ್ರಾ ಅಂತ ಕೇಳ್ತಾರೆ, ಅದು ಒಳ್ಳೇದೇ. ಆದರೆ ಅದೇ ಗಾಡಿಲಿ ತಲೆ ಮೇಲಿನ ರ‍್ಯಾಕಲ್ಲಿ ಒಂದು ಚೀಲದೊಳಗೆ ನಾಲ್ಕು ಚಾಕು ಸುಮ್ನೆ ಬಿದ್ದಿರತ್ತೆ, ಅದನ್ನ ಒಬ್ಬರೂ ಕೇಳಲ್ಲ.

ಚಾಕುಗಳು ಎಲ್ಲೆಲ್ಲಿ ಸಿಗ್ತವೆ ಅಂತ ಹೇಳಿದ್ರೆ ನಿಮಗೆ ಆಶ್ಚರ್ಯ ಆಗಬಹುದು. ಅಕ್ಕಿ ಮೂಟೆಗೆ ಚುಚ್ಚಿ ಇಡ್ತಾರೆ, ಬೆಳಿಗ್ಗೆ ಕತ್ತಲಲ್ಲಿ ಇನ್ಯಾರೋ ಅಕ್ಕಿ ತೆಗೆಯೋಕೆ ಕೈ ಹಾಕ್ತಾರೆ. ತರಕಾರಿ ಬಕೆಟ್ಟಲ್ಲಿ ಸೌತೆಕಾಯಿ ಕೆಳಗೆ ಇರತ್ತೆ. ಈಳಿಗೆಮಣೆನ ಸುತ್ತಿದ ಜಮಖಾನದ ಒಳಗೆ ತುರುಕಿ ಸೀಟಿನ ಕೆಳಗೆ ತಳ್ಳಿರ್ತಾರೆ, ಆ ಸೀಟಲ್ಲಿ ಕೂತಿರೋರು ಚಪ್ಪಲಿ ಬಿಟ್ಟು ಕಾಲು ಹಿಂದಕ್ಕೆ ಚಾಚ್ತಾರೆ. ತುಂಬಾ ಎಚ್ಚರ ಅನ್ನೋರು ನ್ಯೂಸ್‌ಪೇಪರ್ ಸುತ್ತಿ ದಾರ ಕಟ್ತಾರೆ, ಆದರೆ ಗಾಡಿ ಅಲ್ಲಾಡ್ತಾ ಅಲ್ಲಾಡ್ತಾ ಅಲಗು ಪೇಪರನ್ನ ತಾನೇ ಸೀಳ್ಕೊಂಡು ಹೊರಗೆ ಬರತ್ತೆ, ಮೇಲಾಗಿ ಪೇಪರ್ ತೇವ ಹಿಡ್ಕೊಳತ್ತೆ, ಕಬ್ಬಿಣದ ಅಲಗಾದ್ರೆ ಒಂದೇ ರಾತ್ರಿಗೆ ತುಕ್ಕು.

ಚಾರ್ಮಾಡಿ ಘಾಟಿಲಿ ಒಂದು ಸಲ ಧರ್ಮಸ್ಥಳಕ್ಕೆ ಇಳೀತಾ ಇದ್ವಿ, ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಎಲ್ಲರೂ ಅರ್ಧ ನಿದ್ದೇಲಿ ಇದ್ರು. ತಿರುವಲ್ಲಿ ಎದುರಿಗೆ ಲಾರಿ ಬಂದು ಡ್ರೈವರ್ ಬ್ರೇಕ್ ಹಾಕಿದ, ಅಷ್ಟೇನೂ ಸ್ಪೀಡ್ ಇರಲಿಲ್ಲ, ಆದ್ರೂ ಪಾರ್ಟಿಯವರೊಬ್ಬರು ಮನೆಯಿಂದ ತಂದಿದ್ದ ಕಿಟ್ ಬ್ಯಾಗು ರ‍್ಯಾಕಿಂದ ಜಾರಿ ಬಿತ್ತು. ಅದರೊಳಗೆ ಹಣ್ಣು ಹೆಚ್ಚೋ ಚಾಕು ಇತ್ತಂತೆ, ತುದಿ ಬ್ಯಾಗಿನ ಬಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದಿತ್ತು, ಕೆಳಗೆ ಕೂತಿದ್ದ ಅಜ್ಜಿಯೊಬ್ಬರ ಮೊಣಕೈ ಹತ್ರ ಉದ್ದಕ್ಕೆ ಸೀಳಿತು. ಉಜಿರೆ ತಲುಪೋ ತನಕ ಬಟ್ಟೆ ಒತ್ತಿ ಹಿಡ್ಕೊಂಡು ಕೂತಿದ್ದಾಯ್ತು, ಅಲ್ಲಿ ಹೊಲಿಗೆ ಹಾಕ್ಸಿದ್ವಿ. ಅಜ್ಜಿ ಮಂಜುನಾಥನ ದರ್ಶನ ಮಾಡಿಯೇ ವಾಪಸ್ ಬಂದ್ರು, ಆದರೆ ಅದೇ ಚಾಕು ಒಂದು ಗೇಣು ಮೇಲೆ ಬಿದ್ದಿದ್ರೆ ಕುತ್ತಿಗೆಗೆ ಬೀಳೋದು.

ಇದು ನಿಧಾನಕ್ಕೆ ಹೋಗ್ತಿದ್ದ ಗಾಡಿ ಕಥೆ. ಹೈವೇಲಿ 60 ಕಿಲೋಮೀಟರ್ ಸ್ಪೀಡಲ್ಲಿ ಹೋಗೋ ಗಾಡಿ ಅಂದ್ರೆ ಒಂದು ಸೆಕೆಂಡಿಗೆ ಹತ್ರ ಹತ್ರ 17 ಮೀಟರ್ ಹೋಗ್ತಿರತ್ತೆ. ಗಾಡಿ ಏನಕ್ಕಾದ್ರೂ ಗುದ್ದಿ ಗಕ್ಕನೆ ನಿಂತ್ರೆ ಒಳಗೆ ಬಿಡಿಯಾಗಿರೋ ಚಾಕು ಅದೇ ಸ್ಪೀಡಲ್ಲಿ ಮುಂದಕ್ಕೆ ಹಾರತ್ತೆ, ಲೆಕ್ಕ ಹಾಕಿದ್ರೆ 14 ಮೀಟರ್ ಮೇಲಿಂದ, ಅಂದ್ರೆ ನಾಲ್ಕಂತಸ್ತಿನ ಬಿಲ್ಡಿಂಗ್ ಮೇಲಿಂದ ಚಾಕು ಕೆಳಗೆ ಬಿಟ್ಟಷ್ಟೇ ಹೊಡೆತ. ಚಾಕು 200 ಗ್ರಾಮ್ ಇದ್ರೂ ಸಾಕು.

ಇನ್ನೊಂದು ವಿಷಯ, ಇದನ್ನ ಕಂಡ್ರೆ ನನಗೆ ತಡೆಯೋಕೇ ಆಗಲ್ಲ. ಟೈಮ್ ಉಳಿಸೋಕೆ ಅಂತ ಓಡ್ತಿರೋ ಬಸ್ಸಲ್ಲೇ ಮಧ್ಯದ ಜಾಗದಲ್ಲಿ ಪೇಪರ್ ಹಾಸ್ಕೊಂಡು ಈಳಿಗೆಮಣೆ ಇಟ್ಟು ತರಕಾರಿ ಹೆಚ್ಚೋಕೆ ಕೂರ್ತಾರೆ. ದಯವಿಟ್ಟು ಬೇಡ. ಚಕ್ರ ತಿರುಗ್ತಿರೋವಾಗ ಅಲಗು ಹೊರಗೇ ಬರಬಾರ್ದು. ಕೆಲಸ ಬೇಕೇ ಬೇಕು ಅಂದ್ರೆ ಬೆಳ್ಳುಳ್ಳಿ ಸುಲೀರಿ, ಅವರೆಕಾಯಿ ಬಿಡಿಸಿ, ಬೀನ್ಸ್ ಕೈಯಲ್ಲೇ ಮುರೀರಿ, ಸೊಪ್ಪು ಸೋಸಿ, ಮಿಕ್ಕಿದ್ದು ಗಾಡಿ ನಿಂತ ಮೇಲೆ.

ಈಗ ಇಡೋ ವಿಧಾನಕ್ಕೆ ಬರ್ತೀನಿ, ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಈಳಿಗೆಮಣೆಲಿ ಅಲಗು ಮಡಚೋ ಥರದ್ದು ಸಿಗತ್ತೆ, ಯಾತ್ರೆಗೆ ಅದೇ ವಾಸಿ, ಆದರೆ ಮಡಚಿದ ಮೇಲೂ ಒಂದು ಹಗ್ಗ ಬಿಗೀಬೇಕು, ಇಲ್ಲಾಂದ್ರೆ ಅಲ್ಲಾಟಕ್ಕೆ ತಾನೇ ತೆರ್ಕೊಳತ್ತೆ. ಮಡಚಕ್ಕೆ ಬರದೇ ಇರೋದಾದ್ರೆ ತೋಟಕ್ಕೆ ನೀರು ಹಾಯಿಸೋ ಹಳೇ ಪೈಪ್ ಇರತ್ತಲ್ಲ, ಅದನ್ನ ಅಲಗಿನ ಉದ್ದಕ್ಕೆ ಕತ್ತರಿಸಿ, ಒಂದು ಕಡೆ ಉದ್ದಕ್ಕೆ ಸೀಳಿ, ಅಲಗಿನ ಬಾಯಿಗೆ ತೊಡಿಸಿ. ಅಲಗಿನ ಬಾಗು ಹೇಗಿದ್ಯೋ ಹಾಗೇ ಪೈಪೂ ಬಗ್ಗತ್ತೆ. ಮೇಲೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಲಿ ಎರಡು ಕಡೆ ಸುತ್ತಿದ್ರೆ ಅಲ್ಲಾಡಲ್ಲ. ತುರಿಯೋ ಮಣೆ ತಲೆಲಿ ಹಲ್ಲು ಹಲ್ಲಾಗಿರತ್ತೆ, ಅದಕ್ಕೆ ಬಟ್ಟೆ ಸುತ್ತಿದ್ರೆ ಹಲ್ಲಿಗೆ ಸಿಕ್ಕಿ ಹರಿಯತ್ತೆ ಅಷ್ಟೇ. ಅದಕ್ಕೆ ನಮ್ಮ ತಿಪಟೂರು ಕಡೆ ಒಳ್ಳೇ ಉಪಾಯ ಇದೆ, ಕಾಯಿ ತುರಿದ ಮೇಲೆ ಉಳಿಯೋ ಚಿಪ್ಪು, ಕಣ್ಣಿರೋ ಭಾಗದ್ದು, ಅದನ್ನ ಟೋಪಿ ಥರ ಹಲ್ಲಿನ ಮೇಲೆ ಕವುಚಿ, ಕಣ್ಣಿನ ತೂತಲ್ಲಿ ದಾರ ಹಾಯಿಸಿ ಮಣೆಗೆ ಕಟ್ಟಿಬಿಡೋದು. ಚಿಪ್ಪು ಒಡೆದ್ರೆ ಮಾರನೇ ದಿನ ಇನ್ನೊಂದು ಸಿಗತ್ತೆ, ನಾವು ದಿನಾ ಕಾಯಿ ತುರಿಯೋರೇ ತಾನೆ.

ಚಾಕುಗಳಿಗೆ ಅಂಗಡೀಲಿ ಪ್ಲಾಸ್ಟಿಕ್ ಕವಚ ಸಿಗತ್ತೆ, ಸಿಗದಿದ್ರೆ ದಪ್ಪ ರಟ್ಟನ್ನ ಎರಡು ಮಡಿಕೆ ಮಾಡಿ ಒರೆ ಥರ ಟೇಪ್ ಹಾಕಿ ಅಂಟಿಸ್ಬಹುದು, ತುದಿ ಕಡೆ ಟೇಪು ಎರಡು ಮೂರು ಸುತ್ತು ಜಾಸ್ತಿ ಇರಲಿ, ಚುಚ್ಕೊಂಡು ಬರೋದು ತುದೀನೇ. ಹಳೇ ಜೀನ್ಸ್ ಪ್ಯಾಂಟಿನ ಬಟ್ಟೇಲಿ ಉದ್ದಕ್ಕೆ ಜೇಬು ಜೇಬಾಗಿ ಹೊಲಿಸಿಕೊಂಡ್ರೆ ಒಂದೊಂದು ಜೇಬಿಗೆ ಒಂದೊಂದು ಚಾಕು ಹಾಕಿ ಸುರುಳಿ ಸುತ್ತಿ ಕಟ್ಟಬಹುದು, ದೊಡ್ಡ ಹೋಟೆಲ್ ಅಡುಗೆಯವರು ಹಾಗೇ ಒಯ್ಯೋದು. ಆದರೆ ಬರೀ ಬಟ್ಟೆ ನಂಬೋ ಹಾಗಿಲ್ಲ, ಒರೆ ಹಾಕಿ ಆಮೇಲೆ ಜೇಬಿಗೆ. ಒರೆಗೆ ಹಾಕೋ ಮುಂಚೆ ತೊಳೆದು ಪೂರ್ತಿ ಒರೆಸಿ ಒಣಗಿಸ್ಬೇಕು, ನಿಂಬೆಹಣ್ಣು ಟೊಮ್ಯಾಟೊ ಹೆಚ್ಚಿದ ಚಾಕು ಹಾಗೇ ಹೋದ್ರೆ ಒಳಗೇ ಕೆಡತ್ತೆ. ಹೊರಡೋ ಮುಂಚೆ ಸಾಣೆ ಹಿಡಿಸಿ. ಮೊಂಡು ಚಾಕುಗೆ ಜಾಸ್ತಿ ಒತ್ತಬೇಕು, ಒತ್ತಿದಾಗಲೇ ಜಾರಿ ಕೈಗೆ ಬರೋದು.

ಇಷ್ಟೆಲ್ಲ ಆದ ಮೇಲೆ ಇವೆಲ್ಲ ಒಂದೇ ಪೆಟ್ಟಿಗೆಗೆ ಹೋಗ್ಬೇಕು. ತಗಡಿನ ಚಿಕ್ಕ ಟ್ರಂಕ್ ಸಾಕು, ಬೀಗ ಇರೋದು. ಪೆಟ್ಟಿಗೆ ಕೆಳಗೆ ಡಿಕ್ಕೀಲಿರ್ಲಿ, ಡಿಕ್ಕಿ ಇಲ್ಲದ ಟಿಟಿ ಆದ್ರೆ ಹಿಂದಿನ ಸೀಟಿನ ಹಿಂದೆ ನೆಲದ ಮೇಲೆ, ಹಗ್ಗ ಹಾಕಿ ಸೀಟಿನ ಕಾಲಿಗೆ ಕಟ್ಟಿ, ಯಾವ ಕಾರಣಕ್ಕೂ ಮೇಲಿನ ರ‍್ಯಾಕಿಗೆ ಬೇಡ. ಒಳಗೆ ಗೋಣಿಚೀಲ ತುರುಕಿ, ಖಾಲಿ ಜಾಗ ಇದ್ರೆ ಸಾಮಾನು ಕುಣಿಯತ್ತೆ. ಕೀ ಒಬ್ಬರ ಹತ್ರಾನೇ ಇರ್ಬೇಕು, ಛತ್ರದಲ್ಲೋ ಬಂಕ್ ಪಕ್ಕದಲ್ಲೋ ಅಡುಗೆ ಮುಗಿದ ಮೇಲೆ ಎಣಿಸಿ ತುಂಬಬೇಕು, ಎಷ್ಟು ತೆಗೆದ್ವೋ ಅಷ್ಟು ವಾಪಸ್ ಬರೋ ತನಕ ಗಾಡಿ ಹೊರಡಬಾರ್ದು. ನಾನು ಹೀಗೇ ಮಾಡೋದು, ಮೊದಮೊದಲು ಪಾರ್ಟಿಯವರು ಲೇಟಾಯ್ತು ಬನ್ನಿ ಭಟ್ರೇ ಅಂತಾರೆ, ಎರಡು ದಿನ ಆದ ಮೇಲೆ ಅವರೇ ಎಣಿಸಿಕೊಡ್ತಾರೆ. ಮನೆಯಿಂದ ಹಣ್ಣಿನ ಚಾಕು ತಂದಿರೋರೂ ಹೊರಡೋ ದಿನವೇ ಅದನ್ನ ಈ ಪೆಟ್ಟಿಗೆಗೆ ಕೊಟ್ಟುಬಿಡಬೇಕು.

ಈಗ ಹೊಸದಾಗಿ ಬಂದಿರೋ ಕ್ಯಾರವಾನ್‌ಗಳ ಬಗ್ಗೆಯೂ ಹೇಳ್ಬೇಕು. ಕೇರಳದಲ್ಲಿ 2021ರಲ್ಲೇ ಸರ್ಕಾರ ಕ್ಯಾರವಾನ್ ಟೂರಿಸಂ ಶುರು ಮಾಡ್ತು, ನಮ್ಮ ಬೆಂಗಳೂರಲ್ಲೂ ಬಾಡಿಗೆಗೆ ಸಿಗ್ತವೆ, ಒಳಗೇ ಮಂಚ, ಸಿಂಕು, ಚಿಕ್ಕ ಅಡುಗೆಮನೆ ಎಲ್ಲಾ ಇರತ್ತೆ. ನೋಡೋಕೆ ಮನೆ ಥರಾನೇ ಇರೋದ್ರಿಂದ ಜನ ಮನೆ ಥರಾನೇ ಚಾಕುನ ಕಟ್ಟೆ ಮೇಲೆ, ಸ್ಟ್ಯಾಂಡಲ್ಲಿ ಬಿಟ್ಟು ಹೊರಟುಬಿಡ್ತಾರೆ. ನಮ್ಮಕ್ಕನ ಮಗ ಅಮೆರಿಕದಲ್ಲಿದಾನೆ, ಅವನ ಹತ್ರ ಪಿಕಪ್ ಗಾಡಿ ಹಿಂದೆ ಕಟ್ಕೊಂಡು ಎಳೆಯೋ ಟ್ರಾವೆಲ್ ಟ್ರೈಲರ್ ಇದೆ. ವಿಡಿಯೊ ಕಾಲಲ್ಲಿ ತೋರಿಸಿದ, ಅವರ ಪದ್ಧತಿ ನನಗೆ ತುಂಬಾ ಹಿಡಿಸ್ತು. ಡ್ರಾಯರ್ ಎಳೆದ್ರೆ ಹಾಗೇ ಬರಲ್ಲ, ಗುಂಡಿ ಒತ್ತಿದ್ರೆ ಮಾತ್ರ ಕೊಂಡಿ ಬಿಡೋದು. ಗೋಡೆಗೆ ಹಾಕೋ ಮ್ಯಾಗ್ನೆಟ್ ಪಟ್ಟಿ ಇದೆ, ಆದರೆ ಅದು ಕ್ಯಾಂಪಲ್ಲಿ ನಿಂತಾಗ ಮಾತ್ರ, ಹೊರಡೋವಾಗ ಪ್ರತಿ ಚಾಕು ಒರೆ ಸೇರಿ ಕೆಳಗಿನ ಡ್ರಾಯರಿಗೆ ಹೋಗತ್ತೆ, ಡ್ರಾಯರಿನ ತಳಕ್ಕೆ ಜಾರದ ರಬ್ಬರ್ ಮ್ಯಾಟ್. ಟ್ರೈಲರಲ್ಲಿ ಚಕ್ರದಿಂದ ಹಿಂದಕ್ಕೆ ಹೋದಷ್ಟೂ ಕುಲುಕಾಟ ಜಾಸ್ತಿ, ಹಾಗಾಗಿ ಭಾರದ್ದು, ಹರಿತದ್ದು ಹಿಂಬದಿ ಕಬೋರ್ಡಲ್ಲಿ ಇಡಲ್ಲ. ಊರು ಮುಟ್ಟಿದ ಮೇಲೂ ಕಬೋರ್ಡಿನ ಬಾಗಿಲನ್ನ ಒಂದು ಕೈಲಿ ತಡೆ ಹಿಡ್ಕೊಂಡು ನಿಧಾನಕ್ಕೆ ತೆಗೀತಾರೆ, ದಾರೀಲಿ ಒಳಗಿನ ಸಾಮಾನು ಬಾಗಿಲಿಗೆ ಒರಗಿರತ್ತೆ ಅಂತ. ಅಷ್ಟು ಮಾಡೋದು ಅವನ ಟ್ರೈಲರಲ್ಲಿ ಓಡೋವಾಗ ಒಳಗೆ ಯಾರೂ ಇಲ್ಲದೇ ಇದ್ರೂನೂ. ನಮ್ಮ ಕ್ಯಾರವಾನಲ್ಲಿ, ಬಸ್ಸಲ್ಲಿ ಮಕ್ಕಳು ಮರಿ ಎಲ್ಲಾ ಒಳಗೇ ಕೂತಿರ್ತಾರೆ, ಹಾಗಿರೋವಾಗ ನಾವು ಇನ್ನೆಷ್ಟು ಮಾಡ್ಬೇಕು.

ಗಾಯ ಆದ್ರೆ ಏನು ಅನ್ನೋದನ್ನೂ ಬರೆದುಬಿಡ್ತೀನಿ. ಕಾಫಿಪುಡಿ, ಅರಿಶಿನ ತುಂಬೋದು ಬೇಡ, ಡಾಕ್ಟರು ಅದನ್ನೆಲ್ಲ ಮತ್ತೆ ತೊಳೀಬೇಕಾಗತ್ತೆ. ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೇ ಗಟ್ಟಿಯಾಗಿ ಒತ್ತಿ, ಮಧ್ಯೆ ಮಧ್ಯೆ ತೆಗೆದು ನೋಡ್ಬೇಡಿ. ಚಾಕು ಒಳಗೇ ನಾಟಿದ್ರೆ ಕೀಳ್ಬೇಡಿ, ಹಾಗೇ ಅಲ್ಲಾಡದ ಹಾಗೆ ಇಟ್ಕೊಂಡು 108ಕ್ಕೆ ಫೋನ್ ಮಾಡಿ. ಧನುರ್ವಾಯು (ಟೆಟನಸ್) ಬರದ ಹಾಗೆ ಕೊಡೋ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನ ಕೇಳಿ. ಕೈ ಜಾರಿ ಬೀಳ್ತಿರೋ ಚಾಕು ಹಿಡಿಯೋಕೆ ಹೋಗ್ಬೇಡಿ, ಕಾಲು ಹಿಂದಕ್ಕೆ ತಗೊಳ್ಳಿ.

ಯಾತ್ರೆಗೆ ಗಾಡಿ ಬಿಡೋ ಮಾಲೀಕರಲ್ಲಿ ನನ್ನ ಕೇಳಿಕೆ ಇಷ್ಟೇ, ಅಡುಗೆ ಸಾಮಾನು ಬರತ್ತೆ ಅಂತ ಗೊತ್ತಿದ್ದೇ ನೀವು ಬುಕಿಂಗ್ ತಗೊಳ್ತೀರ, ಡಿಕ್ಕೀಲಿ ಒಂದು ಚಿಕ್ಕ ಪೆಟ್ಟಿಗೆ ವೆಲ್ಡ್ ಮಾಡಿಸಿ ಬೀಗ ಹಾಕಿ ಕೊಡಿ, ಸ್ಟೆಪ್ನಿ ಜ್ಯಾಕು ಇಡೋಕೆ ಜಾಗ ಮಾಡಿದೀರಲ್ಲ, ಇದಕ್ಕೂ ಮಾಡಿ. ಕ್ಯಾರವಾನ್ ಬಾಡಿಗೆ ಕೊಡೋರು ಕೀ ಕೊಡೋವಾಗ ಟಿವಿ ಎಸಿ ಹೇಗೆ ಹಾಕೋದು ಅಂತ ತೋರಿಸೋ ಜೊತೆಗೇ ಡ್ರಾಯರಿನ ಕೊಂಡಿ ಸರಿ ಇದ್ಯಾ ಅಂತ ಗಿರಾಕಿ ಮುಂದೆ ಎಳೆದು ತೋರಿಸ್ಬೇಕು. ಪ್ರವಾಸೋದ್ಯಮ ಇಲಾಖೆ, ಸಾರಿಗೆ ಇಲಾಖೆಯವರು ಸೀಸನ್ ಮುಂಚೆ ಯಾತ್ರೆ ಗಾಡಿಗಳಿಗೆ ಸೂಚನೆ ಕೊಡೋದಾದ್ರೆ ಸಿಲಿಂಡರ್ ಜೊತೆ ಚಾಕು, ಈಳಿಗೆಮಣೆ, ಮಚ್ಚು ಅಂತ ಹೆಸರು ಹಾಕಿ ಒಂದು ಸಾಲು ಸೇರಿಸಲಿ. ಅಯ್ಯಪ್ಪ ಮಾಲೆ ಹಾಕೋರು ಹೊರಡೋಕೆ ಇನ್ನೂ ಟೈಮಿದೆ, ಅಷ್ಟರೊಳಗೆ ಈ ಪತ್ರ ಪ್ರಕಟ ಮಾಡಿದ್ರೆ ಉಪಕಾರ ಆಗತ್ತೆ.

ಇಂತಿ ನಿಮ್ಮ ಓದುಗ,
ಯಾತ್ರೆ ಬಸ್ಸಿನ ಅಡುಗೆಯವನು, ತಿಪಟೂರು