ಮುಗಿಲು ಮೊದಲು, ಬಂಡೆ ಆಮೇಲೆ

ಗಂಗಾವತಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಆನೆಗೊಂದಿಯ ಚಿತ್ರಗಳಲ್ಲಿ ಬಂಡೆಗಳು ಗಟ್ಟಿಯಾಗಿ ಕೂತಿವೆ. ಮುಗಿಲು ಮಾತ್ರ ಕೊನೆಗೆ ಬಳಿದ ಸುಣ್ಣದ ಹಾಗಿದೆ. ಅದಕ್ಕೇ ನನ್ನ ಮೆಚ್ಚಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಬಗ್ಗೆ ಬರೆಯುತ್ತಿದ್ದೇನೆ.

ಆತ 1776ರಲ್ಲಿ ಇಂಗ್ಲೆಂಡಿನ ಸಫೊಕ್‌ನಲ್ಲಿ ಹುಟ್ಟಿದವನು. ಅಪ್ಪನದು ಹಿಟ್ಟಿನ ಗಿರಣಿ. ಗಾಳಿಯಿಂದ ಗಿರಣಿ ತಿರುಗಿಸುವವರಿಗೆ ಮುಗಿಲು ನೋಡುವುದು ಹೊಟ್ಟೆಪಾಡಿನ ಕೆಲಸ. ಹೊಳೆಯಲ್ಲಿ ನಿಂತ ಬಂಡಿಯ ಚಿತ್ರ ‘ದಿ ಹೇ ವೇನ್’ (1821) ಆರಡಿ ಅಗಲದ್ದು. ಅಷ್ಟೇ ದೊಡ್ಡ ಕರಡನ್ನು ಎಣ್ಣೆಬಣ್ಣದಲ್ಲೇ ಬರೆದುಕೊಂಡು ಆಮೇಲೆ ಅದಕ್ಕೆ ಕೈಹಾಕಿದ. 1824ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಚಿನ್ನದ ಪದಕ ಬಂತು.

ನನಗೆ ಅದಕ್ಕಿಂತ ಹೆಚ್ಚು, 1821–22ರಲ್ಲಿ ಲಂಡನ್ನಿನ ಅಂಚಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬಯಲಲ್ಲೇ ನಿಂತು ಬರೆದ ಮೋಡಗಳು. ಹಾಳೆಯ ಹಿಂದೆ ತಾರೀಕು, ಹೊತ್ತು, ಗಾಳಿ ಬರೆದಿಡುತ್ತಿದ್ದ. 1822ರ ಸೆಪ್ಟೆಂಬರ್ 5ರ ಹಾಳೆಯಲ್ಲಿ ಆಗ್ನೇಯ ದಿಕ್ಕಿಗೆ ನೋಟ, ನಡುಮಧ್ಯಾಹ್ನ, ಗಾಳಿ ಜೋರು, ಮೋಡ ಬಿರುಸಾಗಿ ಓಡುತ್ತಿವೆ ಎಂದಿದೆ.

ನೀನೂ ಅದೇ ದಾರಿ ಹಿಡಿ. ದಪ್ಪನೆಯ (300 ಜಿಎಸ್‌ಎಂ) ಕಾಗದಕ್ಕೆ ಎರಡು ಸಲ ಜೆಸ್ಸೊ ಎಂಬ ಬಿಳಿ ತಳಬಣ್ಣ ಹಚ್ಚು. ಹಚ್ಚದಿದ್ದರೆ ಕಾಗದ ಎಣ್ಣೆ ಹೀರಿ ಬಣ್ಣ ಮಂಕಾಗುತ್ತದೆ, ವರ್ಷ ಕಳೆದಂತೆ ಕಾಗದವೇ ಪುಡಿಯಾಗುತ್ತದೆ. ಮೇಲೆ ಅಕ್ರಿಲಿಕ್ ಬರ್ನ್ಟ್ ಸಿಯೆನ್ನಾವನ್ನು ನೀರಾಗಿ ಬಳಿದು ಪೂರ್ತಿ ಒಣಗಲು ಬಿಡು. ಕಾನ್‌ಸ್ಟೆಬಲ್‌ನ ಎಷ್ಟೋ ಕರಡುಗಳಲ್ಲಿ ಇಂಥ ಕೆಂಗಂದು ತಳವಿದೆ. ಕುಂಚದ ಗೆರೆಗಳ ಸಂದಿಯಲ್ಲಿ ಅದು ಇಣುಕಿದರೆ ನೀಲಿಗೆ ಜೀವ ಬರುತ್ತದೆ.

ಆಷಾಢದ ಬೆಳಿಗ್ಗೆ ದಕ್ಷಿಣಕ್ಕೆ ಮುಖಮಾಡಿ ಕೂರು. ಬಿಸಿಲು ಎಡಗಡೆಯಿಂದ ಬಿದ್ದು ಮೋಡದ ಉಬ್ಬು ಕಾಣುತ್ತದೆ. ಪಡುವಣಕ್ಕೆ ತಿರುಗಿದರೆ ಬೆನ್ನ ಹಿಂದಿನ ಬಿಸಿಲಿಗೆ ಎಲ್ಲವೂ ಬರೀ ಬಿಳುಪು. ಮೋಡದ ಅಡಿಯ ಬೂದು ಬಣ್ಣಕ್ಕೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಬಿಳಿ ಸಾಕು. ಅಚ್ಚ ಬಿಳಿಯನ್ನು ಕಟ್ಟಕಡೆಗೆ, ಬಿಸಿಲು ತಾಗಿದ ಅಂಚಿಗೆ ಮಾತ್ರ ಇಡು. ಮೊದಲೇ ಹಾಕಿದರೆ ಹಸಿ ಬೂದು ಬಣ್ಣದೊಳಗೆ ಕಲಸಿ ಮುಗಿಲೆಲ್ಲ ಸೀಮೆಸುಣ್ಣವಾಗುತ್ತದೆ. ನೆತ್ತಿಯ ಮೇಲಿನ ಮೋಡ ದೊಡ್ಡದು, ದಿಗಂತಕ್ಕೆ ಹೋದಷ್ಟೂ ಚಿಕ್ಕದು, ಚಪ್ಪಟೆ. ನೀನು ಎಲ್ಲವನ್ನೂ ಒಂದೇ ಅಳತೆಗೆ ಬರೆದಿದ್ದೀಯ, ಆಳ ಹೋಗಿದ್ದು ಅಲ್ಲೇ.

ಒಂದು ಗಂಟೆಯೊಳಗೆ ನಿಲ್ಲಿಸು. ಬದಲಾದ ಮೋಡವನ್ನು ಹಳೇ ಹಾಳೆಯಲ್ಲಿ ಬೆನ್ನಟ್ಟಬೇಡ, ಇನ್ನೊಂದು ತಗೋ. ನಮ್ಮ ಕಡೆ ಗಾಳಿಗೆ ಧೂಳು ಹಸಿ ಎಣ್ಣೆಬಣ್ಣಕ್ಕೆ ಅಂಟುತ್ತದೆ. ಅಂಚು ಎತ್ತರವಿರುವ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿ ತಾ.

ಮುಗಿಲು ಮುಗಿದ ಮೇಲೆ ಬಂಡೆ. ನೆರಳಿನ ಮಗ್ಗುಲಿಗೆ ಅದೇ ಮುಗಿಲಿನ ಬೂದು ಬಣ್ಣವನ್ನು ಚೂರು ಬೆರೆಸು.

ನಿನ್ನ ಅಪ್ಪ