ಕಳೆ ಕಿತ್ತ ಕೈಗಳಿಗೆ

ಹೋದ ತಿಂಗಳು ನಿವೃತ್ತನಾದೆ. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಬೇಸಾಯ ಶಾಸ್ತ್ರ, ಅದರಲ್ಲೂ ಕಳೆ ನಿರ್ವಹಣೆ ನನ್ನ ಕೆಲಸವಾಗಿತ್ತು. ಬೀಳ್ಕೊಡುಗೆ ಸಭೆಯಲ್ಲಿ ಗುರುಗಳಿಗೆ, ಸಹೋದ್ಯೋಗಿಗಳಿಗೆ ಕೈಮುಗಿದು ಬಂದೆ. ಆದರೆ ನಾನು ಯಾರಿಗೆ ಮೊದಲು ಹೇಳಬೇಕಿತ್ತೋ ಅವರು ಅಲ್ಲಿರಲಿಲ್ಲ. ಅವತ್ತೂ ಅವರು ಹೊಲದಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗಾಗಿ ಈ ಬರಹ.

ಕಳೆಯ ಪ್ರಯೋಗದಲ್ಲಿ ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡುತ್ತೇವೆ. ಒಂದಕ್ಕೆ ಕಳೆನಾಶಕ, ಇನ್ನೊಂದಕ್ಕೆ ಸಾಲುಗಳ ನಡುವೆ ಎಳೆಯುವ ಎಡೆಕುಂಟೆ, ಮತ್ತೊಂದಕ್ಕೆ ಎರಡೂ. ಇವುಗಳ ಜೊತೆಗೆ ಇನ್ನೆರಡು ತಾಕು ಬೇಕು. ಒಂದರಲ್ಲಿ ಕಳೆಯನ್ನು ಮುಟ್ಟುವ ಹಾಗಿಲ್ಲ. ಇನ್ನೊಂದರಲ್ಲಿ ಬಿತ್ತನೆಯಿಂದ ಕೊಯ್ಲಿನವರೆಗೂ ಕಳೆ ಇರುವ ಹಾಗಿಲ್ಲ. ಯಾವ ಔಷಧಿ ಎಷ್ಟು ಕೆಲಸ ಮಾಡಿತು ಅಂತ ಹೇಳುವುದು ಈ ಎರಡರ ಜೊತೆ ಹೋಲಿಸಿಯೇ.

ಕಳೆಯಿಲ್ಲದ ಆ ತಾಕು ತಾನಾಗಿ ಹಾಗೆ ಇರುವುದಿಲ್ಲ. ಒಂದು ಮಳೆ ಬಿದ್ದರೆ ಸಾಕು, ನಾಲ್ಕು ದಿನಕ್ಕೆ ಮತ್ತೆ ಹಸಿರು. ಕೊನ್ನಾರಿಯಂತೂ ಮೇಲಿನ ಎಲೆ ಕಿತ್ತರೆ ಕೆಳಗಿನ ಗಡ್ಡೆಯಿಂದ ಮತ್ತೆ ಚಿಗುರುತ್ತದೆ. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ಕಿತ್ತವರು ಸುತ್ತಮುತ್ತಲ ಊರುಗಳಿಂದ ದಿನಗೂಲಿಗೆ ಬರುತ್ತಿದ್ದ ಹೆಣ್ಣುಮಕ್ಕಳು. ಅರ್ಧ ಮೀಟರ್ ಉದ್ದಗಲದ ಕಬ್ಬಿಣದ ಚೌಕಟ್ಟು ಇಟ್ಟು, ಅದರೊಳಗಿನ ಕಳೆಗಳನ್ನು ಹುಲ್ಲು ಬೇರೆ, ಕೊನ್ನಾರಿ ಜಾತಿಯ ಜೇಕು ಬೇರೆ, ಅಗಲ ಎಲೆಯವು ಬೇರೆ ಅಂತ ವಿಂಗಡಿಸಿ ಎಣಿಸಿದವರೂ ಅವರೇ. ನಾನು ಬರೆದುಕೊಂಡೆ, ಅಷ್ಟೇ. ನನ್ನ ಹೆಸರಲ್ಲಿ ಅಚ್ಚಾದ ಪ್ರಬಂಧಗಳ ಅಂಕಿಗಳೆಲ್ಲ ಅವರ ಕೈಯಿಂದ ಬಂದವು.

ಕಲಿಸಿದ್ದಕ್ಕೂ ಅವರಿಗೆ ಋಣಿ. ಭತ್ತದ ಗದ್ದೆಯಲ್ಲಿ ಎಕಿನೋಕ್ಲೋವಾ ಅನ್ನುವ ಹುಲ್ಲು ಬರುತ್ತದೆ. ಎಳೆಯದಿದ್ದಾಗ ಥೇಟ್ ಭತ್ತದ ಪೈರೇ. ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿ ಭತ್ತಕ್ಕೆ ತೆಳುವಾದ ಪೊರೆ ಇರುತ್ತದೆ, ಈ ಹುಲ್ಲಿಗೆ ಇರುವುದಿಲ್ಲ. ನಾನು ಕಾಲೇಜಲ್ಲಿ ಓದಿದ್ದು ಅದು. ಮಂಡ್ಯದ ಕಡೆಯ ಗದ್ದೆಯೊಂದರಲ್ಲಿ ಬಗ್ಗಿ ಎಲೆ ಬಿಡಿಸಿ ನೋಡುತ್ತಿದ್ದಾಗ ಪಕ್ಕದ ಸಾಲಿನ ಅಕ್ಕ ನಿಂತಲ್ಲಿಂದಲೇ, "ಅದು ಹುಲ್ಲು ಸ್ವಾಮಿ, ಕಿತ್ತಾಕಿ" ಅಂದರು. ಪೊರೆ ಇರಲಿಲ್ಲ. ಬುಡದ ಬಣ್ಣ, ಎಲೆ ಬಾಗುವ ರೀತಿ ನೋಡಿ ಹೇಳುವುದನ್ನು ಆಮೇಲೆ ಅವರಿಂದಲೇ ಕಲಿತೆ. ನನ್ನ ವಿದ್ಯಾರ್ಥಿಗಳಿಗೆ ಎರಡನ್ನೂ ಹೇಳಿಕೊಟ್ಟಿದ್ದೇನೆ.

ಅವರಲ್ಲೇ ಒಬ್ಬರು ಒಮ್ಮೆ ಕೇಳಿದ್ದರು: "ಈ ಔಷಧಿ ಗೆದ್ದರೆ ನಮ್ಮ ಕೂಲಿ ಹೋಗುತ್ತಲ್ವಾ ಸಾರ್?" ಸುಲಭದ ಉತ್ತರ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಆಳು ಸಿಗದೆ ಬೆಳೆ ಕಳೆದುಕೊಂಡ ರೈತರನ್ನೂ ನೋಡಿದ್ದೆ, ಬಗ್ಗಿ ಬಗ್ಗಿ ಸೊಂಟ ಹೋದ ಹೆಂಗಸರನ್ನೂ ನೋಡಿದ್ದೆ. ಬಿತ್ತಿದ ಮೇಲೆ ಒಮ್ಮೆ ಔಷಧಿ, ಆಮೇಲೆ ಎಡೆಕುಂಟೆ, ಉಳಿದದ್ದಕ್ಕೆ ಕೈ ಕಳೆ ಅನ್ನುವ ಶಿಫಾರಸಿನ ಮೇಲೆ ನಾನು ಅಷ್ಟು ಹಟ ಹಿಡಿದದ್ದರ ಹಿಂದೆ ಆ ಪ್ರಶ್ನೆಯೂ ಇದೆ. ಕೇಳಿದ್ದಕ್ಕೆ ಆ ತಾಯಿಗೆ ನಮಸ್ಕಾರ.

ತಮ್ಮ ಹೊಲವನ್ನೇ ಪ್ರಯೋಗಕ್ಕೆ ಬಿಟ್ಟುಕೊಟ್ಟ ರೈತರನ್ನು ಹೇಗೆ ನೆನೆಯಲಿ? ರಾಗಿಗೆ ಮೊದಲ ನಾಲ್ಕೈದು ವಾರದ ಕಳೆಯೇ ದೊಡ್ಡ ಪೆಟ್ಟು. ಅದು ಗೊತ್ತಿದ್ದೂ ನಮ್ಮ ಮಾತಿಗೆ ಒಂದು ತಾಕಿನ ಕಳೆ ಮುಟ್ಟದೆ ಬಿಟ್ಟರು. ದಾರಿಯಲ್ಲಿ ಹೋಗುವವರು "ಏನಪ್ಪಾ, ಬೀಳು ಬಿಟ್ಟಿದ್ದೀಯಾ?" ಅಂತ ಆಡಿಕೊಂಡರು. ಒಬ್ಬರ ಮನೆಯ ಅಜ್ಜಿಗೆ ಅದನ್ನು ನೋಡಲು ಆಗುತ್ತಲೇ ಇರಲಿಲ್ಲ. ಆದರೂ ಒಂದು ಗಿಡ ಕೀಳಲಿಲ್ಲ.

ಕೀಟಶಾಸ್ತ್ರದ ಗೆಳೆಯರಿಗೂ ಥ್ಯಾಂಕ್ಸ್ ಹೇಳಬೇಕು. ಮೆಕ್ಸಿಕೋದಿಂದ ತಂದ ಜೈಗೋಗ್ರಾಮಾ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಮೇಲೆ ಬಿಟ್ಟರು. ಮಳೆಗಾಲದಲ್ಲಿ ಆ ದುಂಬಿ ಗಿಡದ ಎಲೆ ತಿಂದು ಜರಡಿ ಮಾಡಿದ್ದನ್ನು ನೋಡಿದರೆ ನನಗೆ ಈಗಲೂ ಖುಷಿ. ಆ ಗಿಡವನ್ನು ಬರಿಗೈಯಲ್ಲಿ ಕಿತ್ತು ತುರಿಕೆ, ಚರ್ಮದ ಅಲರ್ಜಿ ಹತ್ತಿಸಿಕೊಂಡವರನ್ನು ಕಂಡಿದ್ದೇನೆ. ದಯವಿಟ್ಟು ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲೇ ಕೀಳಿ.

ಬಿತ್ತನೆ ಕಾಲದಲ್ಲಿ ನಾನು ಮನೆಯಲ್ಲಿ ಇದ್ದೂ ಇಲ್ಲದಂತಿದ್ದೆ. ಅದನ್ನು ಸಹಿಸಿ ಮನೆ ನಡೆಸಿದ ನನ್ನಾಕೆಗೆ, ಮಕ್ಕಳಿಗೆ ಪ್ರೀತಿಯ ವಂದನೆ.

ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಲ್ಲಿ ಒಂದೇ ಕೋರಿಕೆ. ಪ್ರಬಂಧದ ಕೃತಜ್ಞತೆ ಪುಟದಲ್ಲಿ ಕಳೆ ಕಿತ್ತವರ ಹೆಸರುಗಳನ್ನು ಬರೆಯಿರಿ. 'ಹೊಲದ ಕಾರ್ಮಿಕರು' ಅಂತ ಒಂದು ಸಾಲಲ್ಲಿ ಮುಗಿಸಬೇಡಿ.

ರೈತ ಬಂಧುಗಳೇ, ನನ್ನ ಫೋನ್ ನಂಬರ್ ಬದಲಾಗಿಲ್ಲ. ಮೊದಲಿನ ಹಾಗೆಯೇ ಕೇಳಿ. ಕಳೆಯ ಫೋಟೋ ಕಳಿಸುವಾಗ ಬೇರು ಸಮೇತ ಕಿತ್ತು ತೆಗೆಯಿರಿ, ಹೂ ಇದ್ದರೆ ಅದೂ ಕಾಣಲಿ. ಯಾವ ಬೆಳೆ, ಬಿತ್ತಿ ಎಷ್ಟು ದಿನವಾಯಿತು ಅಂತ ಜೊತೆಗೆ ಬರೆಯಿರಿ.